ಹಸುಳೆಗೆ ಮಾತು ಕಲಿಸುವ ಪೆಟ್ಟಿಗೆ: ಒಂಬತ್ತು ತಿಂಗಳ ಬಳಕೆಯ ನಂತರ

ಮಗಳಿಗೆ 5 ತಿಂಗಳು ತುಂಬಿದ ವಾರ ಈ ಪೆಟ್ಟಿಗೆಯನ್ನು ತರಿಸಿಕೊಂಡೆವು. ಈಗ ಅವಳಿಗೆ 14 ತಿಂಗಳು. ಒತ್ತಿದರೆ ಮಾತಾಡುವ 12 ಗುಂಡಿಗಳ ಒಂದು ಹಲಗೆ, ದಪ್ಪ ರಟ್ಟಿನ 40 ಚಿತ್ರದ ಕಾರ್ಡುಗಳು, ಹಲ್ಲು ಮೂಡುವಾಗ ಕಚ್ಚಲು ಕೊಡುವ ಒಂದು ಚಪ್ಪಟೆ ರಬ್ಬರ್ ಬಿಲ್ಲೆ, ವಿಡಿಯೋಗಳಿರುವ ಆ್ಯಪಿಗೆ ಒಂದು ವರ್ಷದ ಚಂದಾ ಮತ್ತು ತಂದೆತಾಯಂದಿರಿಗಾಗಿ ಬರೆದ ಒಂದು ಕೈಪಿಡಿ ಇದರೊಳಗಿವೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಮಾದರಿಯ ಪೆಟ್ಟಿಗೆಗಳು ಬೇರೆ ಬೇರೆ ಹೆಸರುಗಳಲ್ಲಿ ಸಿಗುತ್ತವೆ, ನಾನು ಹೇಳಬೇಕಾದದ್ದೂ ಹೆಚ್ಚಾಗಿ ಈ ಮಾದರಿಗೇ ಸಂಬಂಧಿಸಿದ್ದು. ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಿದವಳಾದ್ದರಿಂದ ಹಸುಳೆಗಳು ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತವೆ, ಹೇಗೆ ಆಡಲು ತೊಡಗುತ್ತವೆ ಎಂಬ ವಿಷಯದಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿಯಿತ್ತು. ಆ ಆಸಕ್ತಿಯಿಂದಲೇ ಪೆಟ್ಟಿಗೆಯನ್ನು ಕೊಂಡೆ, ಮತ್ತು ಅದೇ ಕಾರಣಕ್ಕೆ ಇದರ ಒಂದೊಂದು ವಸ್ತುವನ್ನೂ ಮಗುವಿನ ಎದುರು ಕೂತು ಗಮನವಿಟ್ಟು ನೋಡಿದೆ.

ಪೆಟ್ಟಿಗೆಯ ಮುಖ್ಯ ಆಕರ್ಷಣೆ ಹಲಗೆ. ಪ್ರತಿ ಗುಂಡಿಯ ಮೇಲೂ ಒಂದು ಚಿತ್ರವಿದೆ. ಒತ್ತಿದರೆ ಆ ಪ್ರಾಣಿಯ ಅಥವಾ ವಸ್ತುವಿನ ಹೆಸರನ್ನು ಒಂದು ಹೆಣ್ಣು ದನಿ ಹೇಳುತ್ತದೆ, ಕೂಡಲೇ ಸಂಗೀತ ತೊಡಗುತ್ತದೆ, ಅಂಚಿನಲ್ಲಿ ಬಣ್ಣದ ದೀಪಗಳು ಓಡುತ್ತವೆ. ಯಾರೂ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಹಲಗೆ ತಾನಾಗಿಯೇ ‘ಬಾ, ಆಡೋಣ’ ಎಂದು ಕರೆಯುತ್ತದೆ. ಕಟ್ಟುಮಸ್ತಾದ ವಸ್ತು, ನೆಲಕ್ಕೆ ಬಿದ್ದರೂ ಒಡೆಯಲಿಲ್ಲ, ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇರುವುದರಿಂದ ಮಗುವಿನ ಕೈಗೆ ಬ್ಯಾಟರಿ ಸಿಗುವ ಭಯವಿಲ್ಲ, ಮೂಲೆಗಳು ನುಣುಪಾಗಿವೆ. ಒಂದು ಗುಂಡಿ ಸಿಕ್ಕಿಹಾಕಿಕೊಂಡಾಗ ತಯಾರಕರಿಗೆ ಬರೆದೆವು, ಒಂದು ವಾರದೊಳಗೆ ಬೇರೆ ಹಲಗೆ ಕಳಿಸಿದರು. ವಸ್ತುವಾಗಿ ಇದರಲ್ಲಿ ನಾನು ಎತ್ತಿ ತೋರಿಸಬಹುದಾದ ದೋಷ ಕಡಿಮೆ.

ಆದರೆ ಪೆಟ್ಟಿಗೆಯ ಮುಚ್ಚಳದ ಮೇಲೆ ‘ಮಾತು ಕಲಿಸುತ್ತದೆ’ ಎಂದು ಬರೆದಿದೆ. ಆದ್ದರಿಂದ ಅದನ್ನು ಆ ಮಾತಿನ ಮೇಲೆಯೇ ಪರೀಕ್ಷಿಸಬೇಕು.

ಮಗಳಿಗೆ 6 ತಿಂಗಳಾಗಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಆ ದಿನಗಳಲ್ಲಿ ಅವಳು ‘ಆಆ’, ‘ಊಂ’ ಎಂದು ಎಳೆದು ದನಿ ಮಾಡಿ, ತಟ್ಟನೆ ನಿಲ್ಲಿಸಿ, ಎದುರಿಗಿದ್ದವರ ಮುಖ ನೋಡುತ್ತಿದ್ದಳು. ಪ್ರತಿಯಾಗಿ ನಾವು ಏನಾದರೂ ಅಂದರೆ ಮತ್ತೊಮ್ಮೆ ದನಿ ಮಾಡುವಳು. ಹಲಗೆಯನ್ನು ಎದುರಿಗೆ ಇಟ್ಟ ಮೊದಲ ದಿನ, ದೀಪಗಳು ಓಡಿದ ಮೇಲೆ, ಅವಳು ಅದರತ್ತ ಬಾಗಿ ಹೀಗೆಯೇ ದನಿ ಮಾಡಿ ನಿಲ್ಲಿಸಿದಳು. ಹಲಗೆ ಸುಮ್ಮನಿತ್ತು. ಮತ್ತೆ ದನಿ ಮಾಡಿದಳು, ಅದು ಆಗಲೂ ಸುಮ್ಮನಿತ್ತು. ಅವಳು ನನ್ನತ್ತ ತಿರುಗಿದ ಮೇಲೆ, ಯಾರೂ ಕರೆಯದಿದ್ದ ಹೊತ್ತಿನಲ್ಲಿ, ಅದು ‘ಬಾ, ಆಡೋಣ’ ಎಂದಿತು. ಒಂಬತ್ತು ತಿಂಗಳ ಬಳಕೆಯ ನಂತರವೂ ಹಲಗೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪ ಆ ಮೊದಲ ದಿನ ಕಂಡದ್ದೇ. ಅದು ಬೆರಳಿಗೆ ಓಗೊಡುತ್ತದೆ, ದನಿಗೆ ಓಗೊಡುವುದಿಲ್ಲ.

ಇದು ಸಣ್ಣ ಕೊರತೆಯೆಂದು ತೋರಬಹುದು. ಆದರೆ ಮಗುವಿನ ತೊದಲು ರೂಪುಗೊಳ್ಳುವುದೇ ಈ ಓಗೊಡುವಿಕೆಯಿಂದ. ಮೈಕೆಲ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನ ತಾಯಂದಿರು, ಮಗು ದನಿ ಮಾಡಿದ ಕೂಡಲೇ ನಕ್ಕು, ಹತ್ತಿರ ಸರಿದು, ಮೈ ಸವರಿದರು. ಇನ್ನೊಂದು ಗುಂಪಿನ ತಾಯಂದಿರು ಅಷ್ಟೇ ಸಲ ನಕ್ಕರು, ಅಷ್ಟೇ ಸಲ ಸವರಿದರು, ಆದರೆ ಮಗುವಿನ ದನಿಗೂ ಅದಕ್ಕೂ ಹೊತ್ತಿನ ನಂಟು ಇರಲಿಲ್ಲ. ದನಿ ಮಾಡಿದ ಕೂಡಲೇ ಪ್ರತಿಕ್ರಿಯೆ ಪಡೆದ ಮಕ್ಕಳ ತೊದಲು ಅಲ್ಲಿಯೇ, ಆ ಭೇಟಿಯೊಳಗೇ ಹದಗೊಂಡಿತು; ವ್ಯಂಜನ ಮತ್ತು ಸ್ವರ ಸೇರಿದ, ನಿಜವಾದ ಅಕ್ಷರಗಳಂತೆ ಕೇಳುವ ಉಲಿಗಳು ಹೆಚ್ಚಿದವು. ಇನ್ನೊಂದು ಗುಂಪಿನಲ್ಲಿ ಹಾಗೆ ಆಗಲಿಲ್ಲ. ಪ್ರೀತಿಯ ಪ್ರಮಾಣ ಎರಡೂ ಕಡೆ ಒಂದೇ ಆಗಿದ್ದು, ಅದು ಬಂದ ಹೊತ್ತು ಮಾತ್ರ ಬೇರೆಯಾಗಿತ್ತು ಎಂಬುದನ್ನು ಗಮನಿಸಬೇಕು. ನಮ್ಮ ಹಲಗೆ ಎರಡನೆಯ ಗುಂಪಿನ ತಾಯಿಯ ಹಾಗೆ. ಅದರಿಂದ ಮಾತು ಬರುತ್ತದೆ, ಆದರೆ ಮಗುವಿನ ಮಾತಿಗೆ ಮರುಮಾತಾಗಿ ಬರುವುದಿಲ್ಲ.

ಮತ್ತೊಂದು ಕೊರತೆ, ಹಲಗೆಗೆ ಬಾಯಿಯಿಲ್ಲ. ಮಕ್ಕಳು ಮಾತನ್ನು ಕಿವಿಯಿಂದ ಮಾತ್ರವಲ್ಲ, ಕಣ್ಣಿನಿಂದಲೂ ಕಲಿಯುತ್ತವೆ. ಮಾತಾಡುವವರನ್ನು ನೋಡುವಾಗ 4 ತಿಂಗಳ ಮಗು ಹೆಚ್ಚಾಗಿ ಕಣ್ಣುಗಳನ್ನು ನೋಡುತ್ತದೆ, 8 ತಿಂಗಳ ಹೊತ್ತಿಗೆ ಅದರ ನೋಟ ಬಾಯಿಗೆ ಇಳಿದಿರುತ್ತದೆ, ವರ್ಷ ತುಂಬುವಾಗ ತನಗೆ ಪರಿಚಿತವಾದ ಭಾಷೆಯ ಮಟ್ಟಿಗೆ ಮತ್ತೆ ಕಣ್ಣಿನತ್ತ ಏರತೊಡಗುತ್ತದೆ ಎಂದು ಲೆವ್‌ಕೋವಿಕ್ಸ್ ಮತ್ತು ಹ್ಯಾನ್ಸನ್-ಟಿಫ್ಟ್ 2012ರಲ್ಲಿ ತೋರಿಸಿದರು. ಮಗು ತಾನೇ ‘ಬಬಬ’, ‘ದದದ’ ಎಂದು ತೊದಲಲು ತೊಡಗುವ ಹೊತ್ತೂ ಅದೇ. ಮಗಳಿಗೆ 8 ತಿಂಗಳಾಗಿದ್ದಾಗ ನಾನು ‘ಮ’ ಎಂದು ಹೇಳುವಾಗಲೆಲ್ಲ ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದದ್ದು, ಒಮ್ಮೊಮ್ಮೆ ಬೆರಳಿನಿಂದ ಮುಟ್ಟುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹಲಗೆಯ ಮೇಲೆ ಆ ಬೆರಳಿಗೆ ಸಿಗುತ್ತಿದ್ದದ್ದು ಸಣ್ಣ ರಂಧ್ರಗಳ ಒಂದು ಸ್ಪೀಕರ್ ಮಾತ್ರ.

ಆ ಸ್ಪೀಕರಿನ ಮಾತಿಗೇ ಬರೋಣ, ಏಕೆಂದರೆ ಇಲ್ಲಿ ನನಗೆ ನಿಜಕ್ಕೂ ಬೇಸರವಾಗಿದೆ. ಹಲಗೆಯ ಕನ್ನಡದಲ್ಲಿ ‘ಗಿಳಿ’ಯು ‘ಗಿಲಿ’ ಎಂದು ಕೇಳುತ್ತದೆ. ‘ಕೋಳಿ’ಯ ಗುಂಡಿಯೂ ಹಾಗೆಯೇ. ಹಲಗೆಗೆ ದನಿ ಕೊಟ್ಟವರ ಉಚ್ಚಾರದಲ್ಲಿ ‘ಳ’ಕಾರವೇ ಇಲ್ಲ. ‘ಇಲಿ’ಗೂ ‘ಇಳಿ’ಗೂ ಅರ್ಥ ಬೇರೆಯಾಗುವ ಭಾಷೆಯಲ್ಲಿ ಇದನ್ನು ಯಾರೂ ತಿದ್ದದೆ ಬಿಟ್ಟದ್ದು ಆಶ್ಚರ್ಯ. ದನಿಯ ಮುದ್ರಣವೂ ಕಳಪೆಯಾಗಿದೆ. ‘ಶ’ ಮತ್ತು ‘ಸ’ಗಳ ನಡುವಿನ ವ್ಯತ್ಯಾಸ ನನ್ನ ಕಿವಿಗೇ ತಿಳಿಯಲಿಲ್ಲ.

ಮೊದಲ ವರ್ಷದಲ್ಲಿ ಇಂಥ ವ್ಯತ್ಯಾಸಗಳಿಗೆ ಎಷ್ಟು ಬೆಲೆ ಎಂಬುದನ್ನು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರ 1984ರ ಅಧ್ಯಯನದಿಂದ ತಿಳಿಯಬಹುದು. ಅವರು ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಹಸುಳೆಗಳಿಗೆ ಹಿಂದಿಯ ದಂತ್ಯ ‘ತ’ (ನಾಲಿಗೆಯ ತುದಿ ಹಲ್ಲಿಗೆ ತಾಗಿ ಹುಟ್ಟುವುದು) ಮತ್ತು ಮೂರ್ಧನ್ಯ ‘ಟ’ (ತುದಿ ಅಂಗುಳಿನತ್ತ ಮಡಚಿ ಹುಟ್ಟುವುದು) ಎರಡನ್ನೂ ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಎರಡರ ಭೇದವಿಲ್ಲ, ಆ ಮಕ್ಕಳ ತಂದೆತಾಯಂದಿರ ವಯಸ್ಸಿನವರಿಗೆ ಎರಡೂ ಒಂದೇ ಎಂದು ಕೇಳುತ್ತದೆ. ಆದರೆ 6ರಿಂದ 8 ತಿಂಗಳ ಮಕ್ಕಳಲ್ಲಿ ಹೆಚ್ಚಿನವು ಅವನ್ನು ಸುಲಭವಾಗಿ ಬೇರ್ಪಡಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗಿತ್ತು. ಹಿಂದಿ ಕೇಳಿ ಬೆಳೆದ ಮಕ್ಕಳಲ್ಲಿ ಮಾತ್ರ ಅದು ಉಳಿದುಕೊಂಡಿತು. ಅಂದರೆ ಹಸುಳೆ ಮೊದಲಿಗೆ ಯಾವ ಭಾಷೆಯ ಮಗುವಾಗಲೂ ಸಿದ್ಧವಾಗಿರುತ್ತದೆ, ಮತ್ತು ಸುತ್ತಲಿನವರ ಬಾಯಲ್ಲಿ ಯಾವ ಭೇದ ಕೇಳಿಸುತ್ತದೋ ಅದರ ಕಡೆಗೆ ವರ್ಷದೊಳಗೆ ಕಿವಿಯನ್ನು ಹುರಿಗೊಳಿಸಿಕೊಳ್ಳುತ್ತದೆ. ‘ತ’ಕ್ಕೂ ‘ಟ’ಕ್ಕೂ ಬೇರೆ ಬೇರೆ ಅಕ್ಷರವಿರುವ ನಮಗೆ ಈ ಭೇದವನ್ನು ಯಾರಾದರೂ ಕೇಳದೆ ಇರಬಹುದು ಎಂಬುದೇ ವಿಚಿತ್ರವೆನಿಸುತ್ತದೆ. ನಾವೂ ಅದನ್ನು ಉಳಿಸಿಕೊಂಡವರು ಎಂದು ತಿಳಿದಾಗ ನನಗೆ ಕೊಂಚ ರೋಮಾಂಚನವಾಗಿತ್ತು. ದಿನಕ್ಕೆ ಹತ್ತು ನಿಮಿಷ ಹಲಗೆ ‘ಗಿಲಿ’ ಎಂದರೆ, ಮಿಕ್ಕ ಹೊತ್ತೆಲ್ಲ ಮನೆಯವರು ‘ಗಿಳಿ’ ಎನ್ನುವಾಗ, ಮಗು ಕೆಡುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ದನಿಯನ್ನೇ ಮಾರುವ ವಸ್ತು ದನಿಯಲ್ಲೇ ತಪ್ಪಬಾರದು.

ಹಲಗೆಯ ಮತ್ತೊಂದು ಪರಿಣಾಮ ನನಗೆ ತಡವಾಗಿ ತಿಳಿಯಿತು, ಮತ್ತು ಅದು ಮಗುವಿನ ಮೇಲೆ ಆದದ್ದಲ್ಲ, ನನ್ನ ಮೇಲೆ ಆದದ್ದು. ಮಗಳಿಗೆ 11 ತಿಂಗಳಾಗಿದ್ದಾಗ ಹಲಗೆಯ ಜೊತೆ ಹತ್ತು ನಿಮಿಷ, ಕಾರ್ಡುಗಳ ಜೊತೆ ಹತ್ತು ನಿಮಿಷ ಆಡಿದ್ದನ್ನು ಫೋನಿನಲ್ಲಿ ಮುದ್ರಿಸಿಕೊಂಡು ಆಮೇಲೆ ಕೇಳಿದೆ. ಹಲಗೆಯ ಹತ್ತು ನಿಮಿಷದಲ್ಲಿ ನಾನು ಆಡಿದ್ದು ‘ಒತ್ತು’, ‘ಇನ್ನೊಂದು ಸಲ’, ‘ಇದನ್ನ ಒತ್ತು’ ಎಂಬಷ್ಟೇ. ಹಲಗೆ ಮಾತಾಡುವಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ, ಅದು ಹಾಡುವಾಗಲೂ ಮುಚ್ಚಿಕೊಂಡಿದ್ದೆ. ಕಾರ್ಡುಗಳ ಹತ್ತು ನಿಮಿಷದಲ್ಲಿ ನಾನು ಒಂದೇ ಸಮನೆ ಮಾತಾಡಿದ್ದೆ, ಕೇಳಿದ್ದೆ, ಅವಳ ದನಿಯನ್ನು ಮರಳಿ ಅವಳಿಗೇ ಹೇಳಿದ್ದೆ. ಒಂದು ಮನೆಯ ಒಂದು ದಿನದ ಮುದ್ರಣದಿಂದ ಏನೂ ಸಾಬೀತಾಗದು. ಆದರೆ ಆನಾ ಸೋಸಾ 10ರಿಂದ 16 ತಿಂಗಳ 26 ಮಕ್ಕಳ ಮನೆಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇದೇ ಚಿತ್ರ ಕಾಣುತ್ತದೆ. ಬ್ಯಾಟರಿಯ ಆಟಿಕೆಗಳೊಂದಿಗೆ ಆಡುವಾಗ ತಂದೆತಾಯಂದಿರು ಆಡಿದ ಮಾತು ಕಡಿಮೆಯಾಯಿತು, ಮಗುವಿನೊಂದಿಗೆ ಮಾತುಕತೆಯ ಸರದಿಗಳು ಕಡಿಮೆಯಾದವು; ಸಾದಾ ಆಟಿಕೆಗಳೊಂದಿಗೆ ಹೆಚ್ಚಿದವು; ಚಿತ್ರಪುಸ್ತಕಗಳನ್ನು ಹಿಡಿದಾಗ ಮಾತು ಎಲ್ಲಕ್ಕಿಂತ ಹೆಚ್ಚಾಗಿತ್ತು. ಆಟಿಕೆ ಮಾತಾಡಿದರೆ ನಾವು ಸುಮ್ಮನಾಗುತ್ತೇವೆ. ಮಾತು ಕಲಿಸಲೆಂದು ಕೊಂಡ ವಸ್ತು ಮನೆಯ ಮಾತನ್ನೇ ತಗ್ಗಿಸಿದರೆ ಅದನ್ನು ಹೇಗೆ ಶಿಫಾರಸು ಮಾಡಲಿ?

ಆ್ಯಪಿನ ವಿಡಿಯೋಗಳ ಬಗ್ಗೆ ಇನ್ನೂ ಕಟುವಾಗಿ ಬರೆಯಬೇಕಾಗಿದೆ. ಅವು ಚೆನ್ನಾಗಿ ಚಿತ್ರಿತವಾಗಿವೆ, ಮಾತಾಡುವವರ ಮುಖ ಸ್ಪಷ್ಟವಾಗಿ ಕಾಣುತ್ತದೆ, ಉಚ್ಚಾರವೂ ಹಲಗೆಯದಕ್ಕಿಂತ ಎಷ್ಟೋ ಶುದ್ಧ. ಆದರೆ ಅವನ್ನು 6 ತಿಂಗಳಿನಿಂದಲೇ ದಿನವೂ ತೋರಿಸಬೇಕೆಂದು ಆ್ಯಪ್ ನೆನಪಿಸುತ್ತಲೇ ಇರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಮಾತನ್ನು ಬದಿಗಿಟ್ಟು, ಭಾಷೆಯ ದೃಷ್ಟಿಯಿಂದ ಮಾತ್ರ ನೋಡಿದರೂ ವಿಡಿಯೋದ ಪರವಾಗಿ ಹೇಳಲು ಏನೂ ಸಿಗುವುದಿಲ್ಲ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. 9 ತಿಂಗಳ ಅಮೆರಿಕನ್ ಮಕ್ಕಳೊಂದಿಗೆ ಮ್ಯಾಂಡರಿನ್ ಚೀನೀ ಮಾತಾಡುವವರು ನೆಲದ ಮೇಲೆ ಕೂತು, ಆಟಿಕೆ ಹಿಡಿದು, ಪುಸ್ತಕ ಓದಿ, ನಾಲ್ಕು ವಾರಗಳಲ್ಲಿ ಒಟ್ಟು 12 ಸಲ, ಸಲಕ್ಕೆ ಸುಮಾರು 25 ನಿಮಿಷ ಕಳೆದರು. ಅಷ್ಟರಿಂದಲೇ ಆ ಮಕ್ಕಳು ಇಂಗ್ಲಿಷಿನಲ್ಲಿಲ್ಲದ ಒಂದು ಚೀನೀ ವ್ಯಂಜನಭೇದವನ್ನು ಗುರುತಿಸಬಲ್ಲವರಾದರು. ಅದೇ ಜನ, ಅದೇ ಆಟಿಕೆಗಳು, ಅದೇ ಮಾತುಗಳನ್ನು ಚಿತ್ರೀಕರಿಸಿ ಬೇರೊಂದು ಗುಂಪಿನ ಮಕ್ಕಳಿಗೆ ಪರದೆಯಲ್ಲಿ ತೋರಿಸಿದಾಗ, ಮತ್ತೊಂದು ಗುಂಪಿಗೆ ದನಿಯನ್ನಷ್ಟೇ ಕೇಳಿಸಿದಾಗ, ಆ ಮಕ್ಕಳು ಏನನ್ನೂ ಕಲಿತಿರಲಿಲ್ಲ. ಕಿವಿಗೆ ಬಿದ್ದದ್ದು ಎಲ್ಲರಿಗೂ ಒಂದೇ. ಎದುರಿಗೆ ಮನುಷ್ಯ ಇದ್ದದ್ದು ಒಂದು ಗುಂಪಿಗೆ ಮಾತ್ರ.

ಪದಗಳ ವಿಷಯದಲ್ಲಿಯೂ ಹೀಗೆಯೇ. ಜೂಡಿ ಡಿಲೋಶ್ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ 12ರಿಂದ 18 ತಿಂಗಳ ಮಕ್ಕಳು ಪದ ಕಲಿಸುವ ವಿಡಿಯೋವೊಂದನ್ನು ಒಂದು ತಿಂಗಳು ಮತ್ತೆ ಮತ್ತೆ ನೋಡಿದರೂ, ಅದನ್ನು ನೋಡದಿದ್ದ ಮಕ್ಕಳಿಗಿಂತ ಹೆಚ್ಚು ಪದ ಕಲಿಯಲಿಲ್ಲ. ವಿಡಿಯೋ ಇಲ್ಲದೆ, ದಿನದ ಕೆಲಸಗಳ ನಡುವೆ ತಂದೆತಾಯಂದಿರಿಂದಲೇ ಆ ಪದಗಳನ್ನು ಕೇಳಿದ ಮಕ್ಕಳು ಎಲ್ಲರಿಗಿಂತ ಹೆಚ್ಚು ಕಲಿತರು. ನನ್ನನ್ನು ತಡೆದು ನಿಲ್ಲಿಸಿದ್ದು ಇದೇ ಅಧ್ಯಯನದ ಇನ್ನೊಂದು ಅಂಶ: ವಿಡಿಯೋ ತಮಗೆ ಇಷ್ಟವಾದ ತಂದೆತಾಯಂದಿರು, ಮಗು ಅದರಿಂದ ಬಹಳ ಕಲಿತಿದೆ ಎಂದು ನಂಬಿದ್ದರು. ಇಂಥ ಪೆಟ್ಟಿಗೆಗಳನ್ನು ಹೊಗಳಿ ಬರೆದದ್ದನ್ನು ಓದುವಾಗ, ನಾನು ಬರೆದದ್ದನ್ನು ಓದುವಾಗಲೂ, ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಆ್ಯಪನ್ನು ಎರಡು ವಾರ ನಾನೊಬ್ಬಳೇ ನೋಡಿ, ಮಗುವಿಗೆ ತೋರಿಸದೆ, ಫೋನಿನಿಂದ ತೆಗೆದುಹಾಕಿದೆ.

ಇನ್ನು ಕಾರ್ಡುಗಳು. ಈ ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ವಸ್ತು ಇವೇ. ಒಂದು ಕಾರ್ಡಿಗೆ ಒಂದೇ ಚಿತ್ರ, ಹಿನ್ನೆಲೆ ಖಾಲಿ, ಬಣ್ಣ ಗಾಢ, ಅಂಚು ಮಗುವಿನ ಬಾಯಲ್ಲಿ ನೆನೆದರೂ ಬಿಚ್ಚಿಕೊಳ್ಳದಷ್ಟು ಗಟ್ಟಿ. ಹೆಸರನ್ನು ಅಚ್ಚು ಮಾಡಿದ್ದು ಹಿಂಬದಿಯಲ್ಲಿ, ಆದ್ದರಿಂದ ಚಿತ್ರವನ್ನು ಮಗುವಿಗೆ ತೋರಿಸುವಾಗ ಹೆಸರು ನನ್ನ ಕಡೆಗಿರುತ್ತದೆ, ಮತ್ತು ನಾನು ಅವಳ ಮುಖವನ್ನೇ ನೋಡುತ್ತಿರುತ್ತೇನೆ. ಚಿತ್ರಗಳಲ್ಲಿ ಕೈ, ಕಾಲು, ಮೂಗು, ಕಿವಿಗಳೂ ಇರುವುದು ಬಲ್ಲವರ ಆಯ್ಕೆ. 6ರಿಂದ 9 ತಿಂಗಳ ಮಕ್ಕಳು ತಾವಿನ್ನೂ ಒಂದು ಪದವನ್ನೂ ಆಡದಿದ್ದಾಗಲೇ ದೇಹದ ಭಾಗಗಳ ಮತ್ತು ತಿನಿಸುಗಳ ಹೆಸರುಗಳನ್ನು ತಕ್ಕಮಟ್ಟಿಗೆ ಅರಿತಿರುತ್ತವೆ ಎಂದು ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲೆ 2012ರಲ್ಲಿ ತೋರಿಸಿದ್ದರು. ಎರಡು ಚಿತ್ರಗಳನ್ನು ಮುಂದಿಟ್ಟು ಒಂದರ ಹೆಸರು ಹೇಳಿದಾಗ ಮಗುವಿನ ನೋಟ ಹೆಚ್ಚು ಹೊತ್ತು ಆ ಚಿತ್ರದ ಮೇಲೆ ನಿಲ್ಲುತ್ತಿತ್ತು. ನಾನೂ ಎರಡು ಕಾರ್ಡು ಹಿಡಿದು ಇದನ್ನು ಮಾಡಿ ನೋಡಿದೆ. 9ನೇ ತಿಂಗಳಲ್ಲಿ ‘ಮೂಗು’ ಎಂದರೆ ಅವಳು ಮೂಗಿನ ಕಾರ್ಡನ್ನು ನೋಡಿ, ಆಮೇಲೆ ನನ್ನ ಮೂಗನ್ನು ನೋಡಿದಳು. 12ನೇ ತಿಂಗಳಲ್ಲಿ ತಾನೇ ಕಾರ್ಡನ್ನು ಎತ್ತಿ ನನಗೆ ಕೊಟ್ಟು, ನಾನು ಹೆಸರು ಹೇಳುವವರೆಗೆ ಕೈ ಚಾಚಿಕೊಂಡು ಕಾಯತೊಡಗಿದಳು. ಪೆಟ್ಟಿಗೆಯಲ್ಲಿ ಬ್ಯಾಟರಿಯಿಲ್ಲದ ಈ ವಸ್ತುವೇ ಅವಳ ಸರದಿಗಾಗಿ ಕಾಯಬಲ್ಲದು.

ರಬ್ಬರ್ ಬಿಲ್ಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಮೆತ್ತಗಿದೆ, ತೊಳೆಯಲು ಸುಲಭ, ಮಗಳಿಗೆ ಇಷ್ಟವಾಗಿತ್ತು. ಆದರೆ ಇದು ಬಾಯೊಳಗೆ ನಾಲಿಗೆಯ ಮೇಲೆ ಕೂರುವ ಚಪ್ಪಟೆ ಆಕಾರದ್ದು, ಮತ್ತು ಈ ಬಗ್ಗೆ ಒಂದು ಸ್ವಾರಸ್ಯದ ಪ್ರಯೋಗವಿದೆ. ವರ್ಕರ್ ಅವರ ತಂಡ 2015ರಲ್ಲಿ, ಇಂಗ್ಲಿಷ್ ಮನೆಗಳ 6 ತಿಂಗಳ ಮಕ್ಕಳ ಬಾಯಲ್ಲಿ ನಾಲಿಗೆಯ ತುದಿ ಅಲುಗದಂತೆ ತಡೆಯುವ ಚಪ್ಪಟೆ ಬಿಲ್ಲೆಯಿಟ್ಟು ಹಿಂದಿಯ ದಂತ್ಯ ಮತ್ತು ಮೂರ್ಧನ್ಯ ವ್ಯಂಜನಗಳನ್ನು ಕೇಳಿಸಿದಾಗ, ಆ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಗುರುತಿಸುವ ಭೇದವನ್ನು ಇವು ಗುರುತಿಸಲಿಲ್ಲ. ನಾಲಿಗೆಯ ತುದಿಯನ್ನು ತಡೆಯದ ಬೇರೆ ಆಕಾರದ ಬಿಲ್ಲೆ ಇಟ್ಟಾಗ ಗುರುತಿಸಿದವು. ಇನ್ನೂ ಆ ಉಲಿಗಳನ್ನು ಆಡದ ಮಗುವೂ ಕೇಳುವಾಗ ತನ್ನ ನಾಲಿಗೆಯನ್ನು ಬಳಸುತ್ತದೆ ಎಂಬ ಸೂಚನೆ ಇದರಲ್ಲಿದೆ. ಇದು ಆ ಕೆಲವು ನಿಮಿಷಗಳ ಪ್ರಯೋಗದ ಮಾತೇ ಹೊರತು, ಬಿಲ್ಲೆ ಕಚ್ಚಿದ ಮಕ್ಕಳಿಗೆ ಮಾತು ತಡವಾಗುತ್ತದೆಂದು ಯಾರೂ ಭಯಪಡಬೇಕಿಲ್ಲ. ಕೈಪಿಡಿಯಲ್ಲಿ ‘ಹಲಗೆಯ ಪಾಠದ ಹೊತ್ತಿನಲ್ಲಿ ಬಿಲ್ಲೆಯನ್ನು ಬಾಯಿಗೆ ಕೊಡಿ, ಮಗು ಸಮಾಧಾನದಿಂದ ಕೇಳುತ್ತದೆ’ ಎಂಬ ಸಲಹೆಯಿದೆ. ಅದನ್ನು ಮಾತ್ರ ಪಾಲಿಸಬೇಡಿ. ಮಾತುಕತೆಯ ಹೊತ್ತಿಗೆ ಮಗುವಿನ ಬಾಯಿ ಬಿಡುವಾಗಿರಲಿ.

ಕೈಪಿಡಿಯ ಬಗ್ಗೆ ನನಗೆ ಎರಡು ಅಭಿಪ್ರಾಯಗಳಿವೆ. ಮೊದಲರ್ಧ ಬಹಳ ಚೆನ್ನಾಗಿದೆ. ಗರ್ಭದ ಕೊನೆಯ ಮೂರು ತಿಂಗಳಲ್ಲೇ ಮಗು ತಾಯಿಯ ದನಿಯ ಏರಿಳಿತವನ್ನು ಕೇಳುತ್ತಿರುತ್ತದೆ, ಹುಟ್ಟಿದ ಕೆಲವೇ ದಿನಗಳಲ್ಲಿ ಅಪರಿಚಿತ ಹೆಣ್ಣು ದನಿಗಿಂತ ತಾಯಿಯ ದನಿಯನ್ನು ಬಯಸುತ್ತದೆ, ಫ್ರೆಂಚ್ ತಾಯಂದಿರ ಹಸುಳೆಗಳ ಅಳು ಹೆಚ್ಚಾಗಿ ಏರುವ ರಾಗದ್ದು, ಜರ್ಮನ್ ತಾಯಂದಿರ ಹಸುಳೆಗಳದ್ದು ಇಳಿಯುವ ರಾಗದ್ದು ಎಂಬಂಥ ಸಂಗತಿಗಳನ್ನು ಸರಳವಾಗಿ, ತಪ್ಪಿಲ್ಲದೆ ಬರೆದಿದ್ದಾರೆ. ಪೀಟರ್ ಐಮಾಸ್ ಮತ್ತು ಸಂಗಡಿಗರ 1971ರ ಪ್ರಯೋಗದ ವಿವರಣೆಯಂತೂ ನನ್ನ ಪಠ್ಯದಲ್ಲಿದ್ದದ್ದಕ್ಕಿಂತ ತಿಳಿಯಾಗಿದೆ. 1 ಮತ್ತು 4 ತಿಂಗಳ ಮಕ್ಕಳ ಬಾಯಿಗೆ ಒತ್ತಡ ಅಳೆಯುವ ನಿಪ್ಪಲ್ ಕೊಟ್ಟು, ಚೀಪಿದಂತೆಲ್ಲ ‘ಬ’ದಂಥ ಉಲಿ ಕೇಳುವಂತೆ ಮಾಡಿದರು, ಅದೇ ಉಲಿ ಕೇಳಿ ಕೇಳಿ ಬೇಸರವಾಗಿ ಚೀಪುವುದು ಕಡಿಮೆಯಾದಾಗ ಉಲಿಯನ್ನು ‘ಪ’ಕ್ಕೆ ಬದಲಿಸಿದರು, ಮಗು ಮತ್ತೆ ಹುರುಪಿನಿಂದ ಚೀಪತೊಡಗಿತು. ಎರಡು ಉಲಿಗಳ ನಡುವಿನ ವ್ಯತ್ಯಾಸ ಒಂದು ಸೆಕೆಂಡಿನ 1000 ಭಾಗದಲ್ಲಿ 20 ಭಾಗ. ಅಷ್ಟೇ ಅಂತರದ, ಆದರೆ ಎರಡೂ ‘ಬ’ ಎಂದೇ ದೊಡ್ಡವರಿಗೆ ಕೇಳುವ ಜೋಡಿಗೆ ಮಗು ಹಾಗೆ ಸ್ಪಂದಿಸಲಿಲ್ಲ. 8 ತಿಂಗಳ ಮಕ್ಕಳು ಅರ್ಥವಿಲ್ಲದ ಅಕ್ಷರಗಳ ನಿಲುಗಡೆಯಿಲ್ಲದ ಸರಪಳಿಯನ್ನು ಎರಡೇ ನಿಮಿಷ ಕೇಳಿ, ಯಾವ ಅಕ್ಷರದ ಹಿಂದೆ ಯಾವುದು ತಪ್ಪದೆ ಬರುತ್ತದೆ ಎಂಬ ಲೆಕ್ಕದಿಂದಲೇ ಅದರೊಳಗಿನ ‘ಪದ’ಗಳನ್ನು ಬಿಡಿಸಿಕೊಂಡ 1996ರ ಸ್ಯಾಫ್ರನ್, ಆಸ್ಲಿನ್, ನ್ಯೂಪೋರ್ಟ್ ಅವರ ಅಧ್ಯಯನವೂ ಇದೆ. ಮಗು ಇಷ್ಟೆಲ್ಲ ಬಲ್ಲದು ಎಂದು ತಿಳಿದ ತಾಯಿತಂದೆ ಅದರೊಂದಿಗೆ ಬೇರೆ ರೀತಿಯಲ್ಲಿ ಮಾತಾಡುತ್ತಾರೆ, ನಾನು ಮಾತಾಡಿದೆ.

ಎರಡನೆಯ ಅರ್ಧವನ್ನು ಬೇರೆ ಯಾರೋ ಬರೆದಂತಿದೆ. ‘ಒಂದು ವರ್ಷಕ್ಕೆ ಭಾಷೆಯ ಬಾಗಿಲು ಮುಚ್ಚುತ್ತದೆ’ ಎಂದು ಅಲ್ಲಿ ದಪ್ಪಕ್ಷರದಲ್ಲಿದೆ. ಮುಚ್ಚುವುದಿಲ್ಲ. ಪರಕೀಯ ಉಲಿಗಳ ಭೇದ ಹಿಡಿಯುವುದು ಕಷ್ಟವಾಗುತ್ತಾ ಹೋಗುತ್ತದೆ, ಅಷ್ಟೇ. ಮಕ್ಕಳು ಎರಡಕ್ಕೆ, ಐದಕ್ಕೆ, ಹತ್ತಕ್ಕೆ ಹೊಸ ಭಾಷೆ ಕಲಿಯುವುದನ್ನು ಎಲ್ಲರೂ ಕಂಡಿದ್ದೇವೆ. ಈ ಒಂದು ವಾಕ್ಯ ಎಷ್ಟು ಎಳೆಯ ತಾಯಂದಿರ ನಿದ್ದೆ ಕೆಡಿಸಿರಬಹುದು ಎಂದು ಯೋಚಿಸಿದರೆ ಸಿಟ್ಟು ಬರುತ್ತದೆ. ‘ಮನೆಯಲ್ಲಿ ಒಂದೇ ಭಾಷೆ ಆಡಿ, ಎರಡಾದರೆ ಮಗು ಗೊಂದಲಗೊಳ್ಳುತ್ತದೆ’ ಎಂಬುದೂ ತಪ್ಪು. ಗರ್ಭದಲ್ಲಿಯೇ ಎರಡು ಭಾಷೆ ಕೇಳಿದ ಹಸುಳೆಗಳು ಹುಟ್ಟಿದಾಗಲೇ ಆ ಎರಡನ್ನೂ ಬೇರೆಯೆಂದು ಗುರುತಿಸುತ್ತವೆ. ‘ಮಗುವಿನೊಂದಿಗೆ ರಾಗ ಎಳೆದು ಮಾತಾಡಬೇಡಿ, ದೊಡ್ಡವರೊಂದಿಗೆ ಆಡುವಂತೆಯೇ ಆಡಿ’ ಎಂಬ ಸಲಹೆ ಇನ್ನೂ ವಿಚಿತ್ರ. ದನಿ ಏರಿಸಿ, ನಿಧಾನವಾಗಿ, ಸ್ವರಗಳನ್ನು ಎಳೆದು ಆಡುವ ಆ ಮುದ್ದುಮಾತನ್ನೇ 4 ತಿಂಗಳ ಹಸುಳೆಗಳು ಆಯ್ದುಕೊಳ್ಳುತ್ತವೆ ಎಂದು ಆನ್ ಫರ್ನಾಲ್ಡ್ 1985ರಲ್ಲೇ ತೋರಿಸಿದ್ದರು. ನನ್ನ ಅತ್ತೆಯವರು ಈ ಪುಟವನ್ನು ಓದಿ, ‘ಹಾಗಾದರೆ ನಾನು ಇಷ್ಟು ದಿನ ತಪ್ಪು ಮಾಡಿದೆನೇನಮ್ಮಾ?’ ಎಂದು ಕೇಳಿದರು. ‘ಇಲ್ಲ ಅತ್ತೆ, ಬರೆದವರದು ತಪ್ಪು’ ಎಂದೆ. ಅವರು ಮೊಮ್ಮಗಳೊಂದಿಗೆ ಎಂದಿನಂತೆಯೇ ರಾಗವಾಗಿ ಮಾತು ಮುಂದುವರಿಸಿದರು.

ಆದರೆ ಈ ಕೈಪಿಡಿಯಲ್ಲಿ ಬರೆದ ಯಾವ ತಪ್ಪಿಗಿಂತಲೂ ಬರೆಯದೆ ಬಿಟ್ಟದ್ದು ನನ್ನನ್ನು ಹೆಚ್ಚು ಕಾಡಿದೆ. ‘ಮಗು ತೊದಲುತ್ತಿಲ್ಲವೇ? ಚಿಂತೆ ಬೇಡ, ಹಲಗೆಯ ಅಭ್ಯಾಸವನ್ನು ಎರಡು ಪಟ್ಟು ಮಾಡಿ’ ಎಂದು ಒಂದು ಪುಟದಲ್ಲಿದೆ. ಕಿವಿಯ ಪರೀಕ್ಷೆಯ ಮಾತು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ಕಿವಿ ಕೇಳುವ ಮಕ್ಕಳು ಸಾಮಾನ್ಯವಾಗಿ 10 ತಿಂಗಳೊಳಗೆ ‘ಬಬಬ’, ‘ಮಮಮ’ ಎಂಬಂಥ ಸ್ಪಷ್ಟ ಅಕ್ಷರಗಳ ತೊದಲನ್ನು ತೊಡಗಿರುತ್ತವೆ. ಕಿಂಬ್ರೋ ಆಲರ್ ಮತ್ತು ರೆಬೆಕಾ ಐಲರ್ಸ್ 1988ರಲ್ಲಿ ವರದಿ ಮಾಡಿದ ಕಿವುಡು ಮಕ್ಕಳು ಯಾರೂ 11 ತಿಂಗಳಿಗೆ ಮುಂಚೆ ಆ ಹಂತಕ್ಕೆ ಬಂದಿರಲಿಲ್ಲ. ಆರಂಭದ ತಿಂಗಳುಗಳ ಅಳು, ‘ಊಂ’ಕಾರ, ನಗುಗಳು ಕೇಳದ ಮಗುವಿನಲ್ಲಿಯೂ ಇರುವುದರಿಂದ ಮನೆಯವರಿಗೆ ಅನುಮಾನವೇ ಬರದೆ ಹೋಗಬಹುದು. ಹುಟ್ಟುವ 1000 ಮಕ್ಕಳಲ್ಲಿ 1ರಿಂದ 3 ಮಕ್ಕಳಿಗೆ ಶ್ರವಣದೋಷವಿರುತ್ತದೆ. ಮೊದಲ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ಗುರುತು, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ನೆರವು ಎಂಬುದು ತಜ್ಞರು ಒಪ್ಪಿರುವ ಕ್ರಮ. ಮಲಗಿರುವ ಹಸುಳೆಯ ಕಿವಿಯಲ್ಲಿ ಸಣ್ಣ ಕೊಳವೆಯಿಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ, ನೋವಿಲ್ಲದ ಪರೀಕ್ಷೆ ಅದು. ಕೇಳದ ಮಗುವಿನ ಭಾಷೆಯ ಶಕ್ತಿಯಲ್ಲಿ ಕೊರತೆಯಿಲ್ಲ. ಹುಟ್ಟಿನಿಂದ ಸನ್ನೆಭಾಷೆ ಕಂಡ ಕಿವುಡು ಮಕ್ಕಳು ಇತರ ಮಕ್ಕಳು ಬಾಯಲ್ಲಿ ತೊದಲುವ ವಯಸ್ಸಿನಲ್ಲೇ ಕೈಗಳಲ್ಲಿ ತೊದಲುತ್ತವೆ ಎಂದು ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ವರದಿ ಮಾಡಿದ್ದಾರೆ. ಅಂಥ ಮಗುವಿಗೆ ಬೇಕಾದದ್ದು ಬೇಗನೆ ಸಿಗುವ ಭಾಷೆ, ಬಾಯಲ್ಲಾಗಲಿ ಕೈಯಲ್ಲಾಗಲಿ. 10 ತಿಂಗಳಾದರೂ ತೊದಲದ ಮಗುವಿನ ಮುಂದೆ ಹಲಗೆಯ ಗುಂಡಿ ಇನ್ನಷ್ಟು ಒತ್ತುತ್ತಾ ಕೂತರೆ ಕಳೆದುಹೋಗುವುದು ಅದೇ ಅಮೂಲ್ಯವಾದ ಕಾಲ. ಹುಟ್ಟಿದಾಗಿನ ತಪಾಸಣೆಯಲ್ಲಿ ಎಲ್ಲ ಸರಿಯಿತ್ತೆಂದು ಬಂದಿದ್ದರೂ ತೊದಲು ಮೂಡದಿದ್ದರೆ, ಅಥವಾ ಮೂಡಿದ ತೊದಲು ನಿಂತುಹೋದರೆ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಹೀಗಾಗಿ ಇಡೀ ಪೆಟ್ಟಿಗೆಯನ್ನು ಕೊಳ್ಳಿರೆಂದು ನಾನು ಹೇಳಲಾರೆ. ಇದೇ ತಯಾರಕರು ಕಾರ್ಡುಗಳನ್ನು ಬಿಡಿಯಾಗಿಯೂ ಮಾರುತ್ತಾರೆ. 6 ತಿಂಗಳು ದಾಟಿದ ಮಗುವಿರುವ ಮನೆಗೆ ಅವನ್ನು ಸಂತೋಷದಿಂದ ಸೂಚಿಸುತ್ತೇನೆ. ಹಲಗೆ ಈಗಾಗಲೇ ಮನೆಯಲ್ಲಿದ್ದರೆ, ಅದರ ಹಿಂಬದಿಯ ಸ್ವಿಚ್ಚಿನಿಂದ ದನಿಯನ್ನು ಪೂರ್ತಿ ಆರಿಸಿ, ಮಗು ಒತ್ತಿದಾಗ ಹೆಸರನ್ನು ನೀವೇ ಹೇಳಿ. ಹಾಗೆ ಆಡಿದ ದಿನಗಳಲ್ಲಿ ನಮ್ಮ ಮಗಳು ಗುಂಡಿ ಒತ್ತಿ ಹಲಗೆಯನ್ನು ನೋಡದೆ ನನ್ನ ಮುಖವನ್ನು ನೋಡುತ್ತಿದ್ದಳು.

ಕಿವಿಯ ಪರೀಕ್ಷೆಯ ವಿಷಯವನ್ನು ಸೇರಿಸಬೇಕೆಂದು, ‘ಎರಡು ಪಟ್ಟು ಮಾಡಿ’ ಎಂಬ ಸಾಲನ್ನು ತೆಗೆಯಬೇಕೆಂದು ತಯಾರಕರಿಗೆ ಪತ್ರ ಬರೆದೆ. ಮುಂದಿನ ಮುದ್ರಣದಲ್ಲಿ ಪರಿಶೀಲಿಸುತ್ತೇವೆಂದು ಸೌಜನ್ಯದಿಂದ ಉತ್ತರಿಸಿದ್ದಾರೆ. ತಂಗಿಗೆ ಈಗ ಎರಡು ತಿಂಗಳ ಮಗುವಿದೆ. ಕಾರ್ಡುಗಳನ್ನು ನನ್ನ ಮಗಳು ಬಿಟ್ಟುಕೊಡುವಂತಿಲ್ಲವಾದ್ದರಿಂದ ಕೈಪಿಡಿಯನ್ನು ಮಾತ್ರ ಅವಳಿಗೆ ಕೊಟ್ಟಿದ್ದೇನೆ, ಎರಡನೆಯ ಅರ್ಧದ ತಪ್ಪುಗಳನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ, ‘ಎರಡು ಪಟ್ಟು ಮಾಡಿ’ ಎಂದಿರುವ ಪುಟದ ಅಂಚಿನಲ್ಲಿ ಶ್ರವಣ ತಪಾಸಣೆಯ ಮಾತನ್ನು ನನ್ನ ಕೈಯಲ್ಲೇ ಬರೆದು.